ಲ್ಯಾಪ್‌ಟಾಪಿನಿಂದ ಸೂಪರ್ ಕಂಪ್ಯೂಟರಿಗೆ: ಪ್ಲಾಸ್ಮಾ ಸಿಮ್ಯುಲೇಶನ್ ಕಲಿಯುವ ದಾರಿ

ಶಿರಸಿ, ಕುಮಟಾ, ಕಾರವಾರ ಕಡೆಯ ಕಾಲೇಜುಗಳಲ್ಲಿ ಫಿಸಿಕ್ಸ್ ಅಥವಾ ಎಂಜಿನಿಯರಿಂಗ್ ಓದುವ ಮಕ್ಕಳು ಆಗಾಗ ಕೇಳುವ ಮಾತು ಇದು: "ಸರ್, ಪ್ಲಾಸ್ಮಾ, ಫ್ಯೂಶನ್ ಅಂದ್ರೆ ಆಸೆ ಇದೆ. ಆದ್ರೆ ಇಲ್ಲಿ ಲ್ಯಾಬಿಲ್ಲ, ದೊಡ್ಡ ಕಂಪ್ಯೂಟರ್ ಇಲ್ಲ. ಎಂತ ಮಾಡೂದು?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜಗತ್ತಿನ ದೊಡ್ಡ ದೊಡ್ಡ ಸೂಪರ್ ಕಂಪ್ಯೂಟರುಗಳ ಮೇಲೆ ಓಡುವ ಪ್ಲಾಸ್ಮಾ ತಂತ್ರಾಂಶಗಳಲ್ಲಿ ಹಲವು ಓಪನ್ ಸೋರ್ಸ್. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಸಾಲು ಸಾಲನ್ನೂ ಓದಬಹುದು, ಬದಲಿಸಬಹುದು. ಅದೇ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದರೆ ತಂತ್ರಾಂಶ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ನೋಡುವ ಕಣ್ಣು ಅದರ ಜೊತೆ ಬರುವುದಿಲ್ಲ. ಅದನ್ನು ನಾವೇ ಬೆಳೆಸಿಕೊಳ್ಳಬೇಕು. ಬೆಳೆಸಿಕೊಳ್ಳುವುದಕ್ಕೆ ಸಣ್ಣ ಯಂತ್ರವೇ ಒಳ್ಳೆಯ ಜಾಗ. ಹಾಗಾಗಿ ಈ ಮಾರ್ಗದರ್ಶಿಯ ಬಹುಪಾಲು ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ. ಕೈಯಲ್ಲಿ ಲೆಕ್ಕ ಹಾಕಿ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮೊದಲು ಕೇಳಿ. ಅದಕ್ಕೆ ಸರಿ ಉತ್ತರ ಬಂದ ಮೇಲೆ ಗೊತ್ತಿಲ್ಲದ್ದನ್ನು ಕೇಳಿ.

ಮೊದಲು, ಯಂತ್ರ ಏನು ಮಾಡುತ್ತದೆ ಎಂದು ತಿಳಿಯಿರಿ

ಅನಿಲಕ್ಕೆ ಸಾಕಷ್ಟು ಶಕ್ತಿ ಕೊಟ್ಟರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಹಾಗೆ ಬಿಡಿಯಾದ ಎಲೆಕ್ಟ್ರಾನು ಮತ್ತು ಅಯಾನುಗಳ ಗುಂಪೇ ಪ್ಲಾಸ್ಮಾ. ಮೇ ತಿಂಗಳ ಸಂಜೆ ಘಟ್ಟದ ಮೇಲೆ ಹೊಡೆಯುವ ಮಿಂಚು ಪ್ಲಾಸ್ಮಾ. ಅದರ ಒಳಗಿನ ತಾಪ ಸುಮಾರು 30,000 ಕೆಲ್ವಿನ್ ಮುಟ್ಟುತ್ತದೆ. ಉರಿಯುವ ಟ್ಯೂಬ್‌ಲೈಟಿನ ಒಳಗಿರುವುದೂ ಪ್ಲಾಸ್ಮಾ, ಸೂರ್ಯನೂ ಪ್ಲಾಸ್ಮಾ. ನಮ್ಮ ಜಿಲ್ಲೆಯ ಮಕ್ಕಳಿಗೆ ಇಲ್ಲೊಂದು ಗೊಂದಲ ಇರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕೈಗಾದಲ್ಲಿ ನಡೆಯುವುದು ಯುರೇನಿಯಂ ಒಡೆಯುವ ಕ್ರಿಯೆ, ಅಂದರೆ ವಿದಳನ. ಅಲ್ಲಿ ಪ್ಲಾಸ್ಮಾದ ಕೆಲಸ ಇಲ್ಲ. ಹಗುರ ಪರಮಾಣುಗಳನ್ನು ಬೆಸೆಯುವ ಫ್ಯೂಶನ್‌ಗೆ ಪ್ಲಾಸ್ಮಾ ಬೇಕು. ಆ ಕೆಲಸ ನಮ್ಮ ದೇಶದಲ್ಲಿ ಮುಖ್ಯವಾಗಿ ನಡೆಯುತ್ತಿರುವುದು ಗಾಂಧಿನಗರದ ಇನ್‌ಸ್ಟಿಟ್ಯೂಟ್ ಫಾರ್ ಪ್ಲಾಸ್ಮಾ ರಿಸರ್ಚ್‌ನಲ್ಲಿ. ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರದಂಥ ಯಂತ್ರಕ್ಕೆ ಟೋಕಮಾಕ್ ಎನ್ನುತ್ತಾರೆ. ಭಾರತದಲ್ಲೇ ಕಟ್ಟಿದ ಮೊದಲ ಟೋಕಮಾಕ್ 'ಆದಿತ್ಯ' 1989ರಲ್ಲಿ ಅಲ್ಲಿ ಶುರುವಾಯಿತು.

ಪ್ಲಾಸ್ಮಾ ಲೆಕ್ಕ ಯಾಕೆ ಕಷ್ಟ? ಕಣಗಳು ಚಲಿಸಿದರೆ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಬದಲಾಗುತ್ತವೆ. ಕ್ಷೇತ್ರ ಬದಲಾದರೆ ಕಣಗಳ ಚಲನೆ ಬದಲಾಗುತ್ತದೆ. ಎರಡನ್ನೂ ಒಟ್ಟಿಗೇ ಬಿಡಿಸಬೇಕು. ಸಾಧಾರಣ ಪ್ರಯೋಗಾಲಯದ ಪ್ಲಾಸ್ಮಾದಲ್ಲಿ ಒಂದು ಘನ ಸೆಂಟಿಮೀಟರಿಗೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನು ಇರಬಹುದು. ಅಷ್ಟನ್ನೂ ಬಿಡಿಬಿಡಿಯಾಗಿ ಹಿಂಬಾಲಿಸುವುದು ಆಗದ ಮಾತು.

ಅದಕ್ಕೆ ಬಂದ ಉಪಾಯದ ಹೆಸರು 'ಪಾರ್ಟಿಕಲ್ ಇನ್ ಸೆಲ್', ಚಿಕ್ಕದಾಗಿ ಪಿಕ್. ಶಿರಸಿಯ ಅಡಿಕೆ ವ್ಯಾಪಾರದಲ್ಲಿ ಯಾರೂ ಅಡಿಕೆಯನ್ನು ಒಂದೊಂದಾಗಿ ಎಣಿಸುವುದಿಲ್ಲ, ಚೀಲದ ಲೆಕ್ಕ ಹಿಡಿಯುತ್ತಾರೆ, ಅಲ್ವಾ? ಇಲ್ಲೂ ಹಾಗೆಯೇ. ಲಕ್ಷಾಂತರ ನಿಜ ಕಣಗಳ ಬದಲಿಗೆ ಒಂದು 'ಮ್ಯಾಕ್ರೋ ಕಣ'. ಜಾಗವನ್ನು ಸಣ್ಣ ಸೆಲ್‌ಗಳಾಗಿ ಹಂಚಿ, ಕ್ಷೇತ್ರಗಳನ್ನು ಆ ಗ್ರಿಡ್ಡಿನ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ. ಆಮೇಲೆ ನಾಲ್ಕು ಕೆಲಸ ಸುತ್ತುತ್ತಾ ಇರುತ್ತವೆ. ಗ್ರಿಡ್ಡಿನ ಕ್ಷೇತ್ರ ಕಣವಿರುವ ಜಾಗದಲ್ಲಿ ಎಷ್ಟು ಎಂದು ನೋಡುವುದು. ಅದರಂತೆ ಕಣವನ್ನು ತಳ್ಳುವುದು. ತಳ್ಳಿದ ಕಣದಿಂದ ಹುಟ್ಟಿದ ವಿದ್ಯುತ್ ಪ್ರವಾಹವನ್ನು ಗ್ರಿಡ್ಡಿಗೆ ಹಾಕುವುದು. ಆ ಪ್ರವಾಹದಿಂದ ಹೊಸ ಕ್ಷೇತ್ರ ಪಡೆಯುವುದು. ಕ್ಷೇತ್ರಕ್ಕೆ ಇಂದಿಗೂ ಹೆಚ್ಚಾಗಿ ಬಳಸುವುದು ಕೇನ್ ಯೀ 1966ರಲ್ಲಿ ಕೊಟ್ಟ ಗ್ರಿಡ್. ಕಣ ತಳ್ಳಲು ಜೇ ಬೋರಿಸ್ 1970ರಲ್ಲಿ ಕೊಟ್ಟ ವಿಧಾನ. ಅರ್ಧ ಶತಮಾನ ಕಳೆದರೂ ಇವು ಗಟ್ಟಿಯಾಗಿ ನಿಂತಿವೆ. ಇವೆರಡನ್ನೂ ಒಮ್ಮೆ ಪೆನ್ನು ಹಿಡಿದು ಬಿಡಿಸಿ ನೋಡಿ. ತಂತ್ರಾಂಶದ ಒಳಗೆ ಏನಾಗುತ್ತಿದೆ ಎಂಬ ಭಯ ಅಲ್ಲಿಗೆ ಅರ್ಧ ಹೋಗುತ್ತದೆ.

ಎರಡನೆಯದು, ಪೆನ್ಸಿಲ್ ಲೆಕ್ಕ

ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಎರಡು ಸಂಖ್ಯೆ ಲೆಕ್ಕ ಹಾಕಿ. ಸಾಂದ್ರತೆ ಘನ ಮೀಟರಿಗೆ 10ರ ಘಾತ 18, ತಾಪ 10 ಎಲೆಕ್ಟ್ರಾನ್ ವೋಲ್ಟ್ ಎಂದುಕೊಳ್ಳೋಣ (1 ಎಲೆಕ್ಟ್ರಾನ್ ವೋಲ್ಟ್ ಅಂದರೆ ಸುಮಾರು 11,600 ಕೆಲ್ವಿನ್).

ಮೊದಲ ಸಂಖ್ಯೆ ಪ್ಲಾಸ್ಮಾ ಆವರ್ತನ. ಎಲೆಕ್ಟ್ರಾನುಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಬಿಟ್ಟರೆ ಅವು ಈ ವೇಗದಲ್ಲಿ ತೂಗುತ್ತವೆ. ಸಾಂದ್ರತೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಹರ್ಟ್ಜ್‌ನಲ್ಲಿ ಉತ್ತರ ಸಿಗುತ್ತದೆ: ಇಲ್ಲಿ ಸುಮಾರು 9 ಗಿಗಾಹರ್ಟ್ಜ್. ಎರಡನೆಯದು ಡಿಬೈ ಉದ್ದ. ಒಂದು ವಿದ್ಯುದಂಶದ ಪ್ರಭಾವವನ್ನು ಪ್ಲಾಸ್ಮಾ ಎಷ್ಟು ದೂರದೊಳಗೆ ಮುಚ್ಚಿಬಿಡುತ್ತದೆ ಎಂಬ ಅಳತೆ ಅದು. ತಾಪವನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಇಟ್ಟು ಸಾಂದ್ರತೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 7430ರಿಂದ ಗುಣಿಸಿ. ಮೀಟರಿನಲ್ಲಿ ಬರುತ್ತದೆ. ಇಲ್ಲಿ ಸುಮಾರು 23.5 ಮೈಕ್ರೋಮೀಟರ್.

ಸಾಮಾನ್ಯ ಪಿಕ್ ವಿಧಾನದಲ್ಲಿ ಸೆಲ್‌ನ ಅಗಲ ಈ ಡಿಬೈ ಉದ್ದಕ್ಕಿಂತ ತುಂಬಾ ದೊಡ್ಡದಾಗಿರಬಾರದು. ದೊಡ್ಡದಾದರೆ ಪ್ಲಾಸ್ಮಾ ತನ್ನಷ್ಟಕ್ಕೇ ಬಿಸಿಯಾಗುತ್ತಾ ಹೋಗುತ್ತದೆ. ಅದು ನಿಸರ್ಗದ ಬಿಸಿ ಅಲ್ಲ, ಗ್ರಿಡ್ಡಿನ ದೋಷ. ಗ್ರಾಫು ನೋಡಲು ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಇದು ಹೊಸಬರ ಕಣ್ಣು ತಪ್ಪಿಸುತ್ತದೆ.

ಈಗ 1 ಸೆಂಟಿಮೀಟರ್ ಅಗಲದ ಘನ ಪೆಟ್ಟಿಗೆ ತೆಗೆದುಕೊಳ್ಳಿ. ಒಂದು ಬದಿಗೆ 425 ಸೆಲ್. ಮೂರೂ ದಿಕ್ಕಿಗೆ ಸೇರಿ ಸುಮಾರು 7.7 ಕೋಟಿ ಸೆಲ್. ಸೆಲ್ಲಿಗೆ 100 ಎಲೆಕ್ಟ್ರಾನು, 100 ಅಯಾನು ಇಟ್ಟರೆ 1,500 ಕೋಟಿಗೂ ಮೀರಿದ ಮ್ಯಾಕ್ರೋ ಕಣಗಳು. ಪ್ರತಿ ಕಣಕ್ಕೆ ಸ್ಥಾನದ 3, ವೇಗದ 3, ಅದು ಎಷ್ಟು ನಿಜ ಕಣಗಳಿಗೆ ಸಮ ಎಂಬ ತೂಕದ 1 ಹೀಗೆ 7 ಸಂಖ್ಯೆ, 56 ಬೈಟ್. ಕಣಗಳನ್ನು ನೆನಪಿನಲ್ಲಿ ಇಡಲಿಕ್ಕೇ ಸುಮಾರು 860 ಜಿಬಿ ಬೇಕು. ಇನ್ನು ಕಾಲ. ಒಂದು ಹೆಜ್ಜೆಯಲ್ಲಿ ಬೆಳಕು ಒಂದು ಸೆಲ್ ದಾಟಿ ಹೋಗಬಾರದು ಎಂಬ ನಿಯಮ ಇದೆ. ಮೂರು ದಿಕ್ಕಿನ ಪೆಟ್ಟಿಗೆಯಲ್ಲಿ ಈ ಮಿತಿ ಇನ್ನೂ ಬಿಗಿ, 3ರ ವರ್ಗಮೂಲದಿಂದ ಭಾಗಿಸಬೇಕು. ಅದರ ಪ್ರಕಾರ ಒಂದು ಹೆಜ್ಜೆ ಸುಮಾರು 0.045 ಪಿಕೋಸೆಕೆಂಡ್. ಬರೀ 1 ಮೈಕ್ರೋಸೆಕೆಂಡ್ ನೋಡಬೇಕಂದ್ರೆ 2.2 ಕೋಟಿ ಹೆಜ್ಜೆ!

ಸೂಪರ್ ಕಂಪ್ಯೂಟರ್ ಯಾಕೆ ಬೇಕು ಎಂದು ಈ ಲೆಕ್ಕವೇ ಹೇಳುತ್ತದೆ. ಅದೇ ಪೆಟ್ಟಿಗೆಯನ್ನು ಒಂದೇ ದಿಕ್ಕಿನಲ್ಲಿ ನೋಡಿದರೆ 425 ಸೆಲ್, 85,000 ಕಣ, 5 ಎಂಬಿಯೂ ಇಲ್ಲ. ಹಳೆಯ ಲ್ಯಾಪ್‌ಟಾಪೂ ಸಲೀಸಾಗಿ ಹೊರುತ್ತದೆ. ಕಲಿಯುವ ಭೌತಶಾಸ್ತ್ರದ ಬಹುಪಾಲು ಈ ಒಂದೇ ದಿಕ್ಕಿನಲ್ಲೂ ಸಿಗುತ್ತದೆ.

ತಂತ್ರಾಂಶ ಆರಿಸುವುದು

ಹೆಸರುಗಳು ತುಂಬಾ ಇವೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಮುಂದಾಳತ್ವದಲ್ಲಿ ಬೆಳೆದ ವಾರ್ಪ್‌ಎಕ್ಸ್ 2022ರಲ್ಲಿ ಸೂಪರ್ ಕಂಪ್ಯೂಟಿಂಗ್ ಕ್ಷೇತ್ರದ ದೊಡ್ಡ ಗೌರವವಾದ ಗಾರ್ಡನ್ ಬೆಲ್ ಪ್ರಶಸ್ತಿ ಪಡೆಯಿತು. ಫ್ರಾಂಟಿಯರ್, ಫುಗಾಕು, ಸಮ್ಮಿಟ್, ಪರ್ಲ್‌ಮಟರ್ ಎಂಬ ನಾಲ್ಕು ದೈತ್ಯ ಯಂತ್ರಗಳ ಮೇಲೆ ಅದನ್ನು ಓಡಿಸಿ ತೋರಿಸಿದ್ದರು. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಎಪೋಕ್ ಫೋರ್ಟ್ರಾನ್‌ನಲ್ಲಿದೆ. ಜರ್ಮನಿಯ ಡ್ರೆಸ್ಡೆನ್ನಿನ ಪಿಕ್‌ಆನ್‌ಜಿಪಿಯು ಗ್ರಾಫಿಕ್ಸ್ ಕಾರ್ಡುಗಳಿಗೆಂದೇ ಹುಟ್ಟಿದ್ದು. ಟೋಕಮಾಕ್‌ನ ಅಂಚಿನ ಪ್ಲಾಸ್ಮಾ ನಿಮ್ಮ ಆಸಕ್ತಿಯಾದರೆ, ಕಣಗಳ ಬದಲು ದ್ರವದ ಸಮೀಕರಣ ಬಿಡಿಸುವ ಬೌಟ್ ಪ್ಲಸ್ ಪ್ಲಸ್ ನೋಡಿ.

ಹೊಸಬರಿಗೆ ನಾನು ಹೇಳುವುದು ಫ್ರಾನ್ಸಿನ ಸ್ಮೈಲೀ. ಮೂರು ಕಾರಣ. ಮೊದಲನೆಯದು, ಅದರ ಇನ್‌ಪುಟ್ ಫೈಲ್ ಒಂದು ಪೈಥಾನ್ ಫೈಲ್. ನಮ್ಮ ಮಕ್ಕಳಿಗೆ ಪೈಥಾನ್ ಹೆಚ್ಚುಕಡಿಮೆ ಬರುತ್ತದೆ. ಎರಡನೆಯದು, ದಾಖಲೆ ಪುಟಗಳನ್ನು ಶ್ರದ್ಧೆಯಿಂದ ಬರೆದಿದ್ದಾರೆ, ಹಂತಹಂತದ ಪಾಠಗಳೂ ಇವೆ. ಮೂರನೆಯದು, ಲ್ಯಾಪ್‌ಟಾಪಿನಲ್ಲಿ ಬರೆದ ಅದೇ ಇನ್‌ಪುಟ್ ದೊಡ್ಡ ಯಂತ್ರದಲ್ಲೂ ನಡೆಯುತ್ತದೆ. ಕಂಪೈಲ್ ಮಾಡುವ ತಲೆನೋವೇ ಬೇಡ ಅನ್ನುವವರಿಗೆ ವಾರ್ಪ್‌ಎಕ್ಸ್ ಒಳ್ಳೆಯದು. ಅದು ಕೊಂಡಾ-ಫೋರ್ಜ್ ಎಂಬ ಪ್ಯಾಕೇಜು ಸಂಗ್ರಹದಲ್ಲಿ ಸಿದ್ಧವಾಗಿ ಸಿಗುತ್ತದೆ. ಯಾವುದಾದರೂ ಒಂದನ್ನು ಹಿಡಿಯಿರಿ. ಮೂರು ನಾಲ್ಕನ್ನು ಇಳಿಸಿಕೊಂಡು ಯಾವುದನ್ನೂ ಕಲಿಯದೆ ಉಳಿಯಬೇಡಿ.

ಇನ್‌ಸ್ಟಾಲ್ ಮಾಡುವುದು

ಲಿನಕ್ಸ್ ಬೇಕು. ಉಬುಂಟು ಸಾಕು. ವಿಂಡೋಸ್ ತೆಗೆಯಲು ಮನಸ್ಸಿಲ್ಲದಿದ್ದರೆ ಡಬ್ಲ್ಯೂಎಸ್ಎಲ್ ಹಾಕಿಕೊಂಡು ಅದರೊಳಗೆ ಉಬುಂಟು ಓಡಿಸಿ.

ಬೇಕಾದ ಸಾಮಾನು: ಗಿಟ್, ಸಿ ಪ್ಲಸ್ ಪ್ಲಸ್ ಕಂಪೈಲರ್, ಓಪನ್ ಎಂಪಿಐ (ಹಂಚಿದ ಕೆಲಸಗಳ ನಡುವೆ ಮಾಹಿತಿ ಸಾಗಿಸಲು), ಎಚ್‌ಡಿಎಫ್5 (ಫಲಿತಾಂಶವನ್ನು ಫೈಲಿಗೆ ಬರೆಯಲು), ಪೈಥಾನ್ 3 ಮತ್ತು ಅದರ ಡೆವಲಪ್‌ಮೆಂಟ್ ಫೈಲುಗಳು, ಜೊತೆಗೆ ನಂಪೈ, ಮ್ಯಾಟ್‌ಪ್ಲಾಟ್‌ಲಿಬ್, ಎಚ್5ಪೈ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಎಚ್‌ಡಿಎಫ್5 ಹತ್ತಿರ. ಅದರಲ್ಲಿ ಎರಡು ಬಗೆ ಇದೆ, ಸಾಧಾರಣ ಮತ್ತು ಪ್ಯಾರಲಲ್. ಸ್ಮೈಲೀಗೆ ಬೇಕಾದ್ದು ಪ್ಯಾರಲಲ್, ಅದೂ ನೀವು ಹಾಕಿಕೊಂಡ ಎಂಪಿಐಗೇ ಹೊಂದುವಂಥದ್ದು. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರಲ್ಲೇ 'ಓಪನ್‌ಎಂಪಿಐ' ಎಂದು ಇರುತ್ತದೆ, ಅದನ್ನೇ ಆರಿಸಿ. ಆಮೇಲೆ ಅದು ಯಾವ ಫೋಲ್ಡರಿನಲ್ಲಿ ಕೂತಿದೆ ಎಂದು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಸ್ಮೈಲೀಗೆ ತಿಳಿಸಬೇಕು. ಸರಿಯಾದ ಸಾಲು ದಾಖಲೆ ಪುಟದಲ್ಲಿದೆ, ಅಲ್ಲಿಂದಲೇ ನಕಲು ಮಾಡಿ. ನೆನಪಿನಿಂದ ಟೈಪ್ ಮಾಡಬೇಡಿ.

ನಂತರ ಗಿಟ್ ಕ್ಲೋನ್ ಮಾಡಿ ಸೋರ್ಸ್ ಕೋಡ್ ಇಳಿಸಿಕೊಳ್ಳಿ, ಆಮೇಲೆ ಮೇಕ್ ಹಾಕಿ ಕಂಪೈಲ್ ಮಾಡಿ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಮೇಕ್‌ಗೆ ಒಮ್ಮೆಗೇ ಎಂಟು ಕೆಲಸ ಕೊಡಬೇಡಿ. ನೆನಪು ಸಾಲದೆ ಮಧ್ಯದಲ್ಲೇ ನಿಂತುಹೋಗುತ್ತದೆ. ಒಂದೋ ಎರಡೋ ಸಾಕು, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ. ಕೊನೆಗೆ ಮೇಕ್ ಹ್ಯಾಪಿ. ಫಲಿತಾಂಶ ನೋಡಲು ಸ್ಮೈಲೀ ಜೊತೆ ಬರುವ ಪೈಥಾನ್ ಸಲಕರಣೆಯ ಹೆಸರು ಹ್ಯಾಪಿ. ಎಲ್ಲಾ ಸರಿಯಾದರೆ ಎರಡು ಪ್ರೋಗ್ರಾಮು ಸಿಗುತ್ತವೆ. ಒಂದು ಸ್ಮೈಲೀ. ಇನ್ನೊಂದು ಸ್ಮೈಲೀ ಟೆಸ್ಟ್, ಇದು ಏನನ್ನೂ ಓಡಿಸದೆ ಇನ್‌ಪುಟ್ ಫೈಲನ್ನು ಮಾತ್ರ ಪರೀಕ್ಷಿಸುತ್ತದೆ.

ನಿಮ್ಮೂರು ಜೋಯಿಡಾ, ಸಿದ್ದಾಪುರದ ಒಳಭಾಗದಲ್ಲಿದ್ದು ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತದೆ ಅಂತಾದರೆ, ಪೇಟೆಗೆ ಬಂದ ದಿನ ಪ್ಯಾಕೇಜು, ಸೋರ್ಸ್ ಕೋಡ್, ದಾಖಲೆ ಪುಟ ಎಲ್ಲವನ್ನೂ ಒಟ್ಟಿಗೇ ಇಳಿಸಿಕೊಂಡು ಹೋಗಿ. ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ನೆಟ್ ಬೇಡವೇ ಬೇಡ.

ಮೊದಲ ಓಟ: ಎದುರುಬದುರು ಎರಡು ಹೊಳೆ

ಮೊದಲ ಪ್ರಶ್ನೆಯಾಗಿ 'ಟು ಸ್ಟ್ರೀಮ್ ಇನ್‌ಸ್ಟೆಬಿಲಿಟಿ' ತೆಗೆದುಕೊಳ್ಳಿ. ಎಲೆಕ್ಟ್ರಾನುಗಳ ಎರಡು ಪ್ರವಾಹ, ಒಂದು ಬಲಕ್ಕೆ, ಒಂದು ಎಡಕ್ಕೆ, ಒಂದರೊಳಗೊಂದು ಹರಿಯುತ್ತಿವೆ. ನೋಡಲು ಸಮತೋಲನದಲ್ಲಿದೆ. ಆದರೆ ಸಣ್ಣದೊಂದು ಏರುಪೇರು ಇದ್ದರೂ ಸಾಕು, ಅದು ತಾನೇ ಬೆಳೆಯುತ್ತಾ ಹೋಗುತ್ತದೆ. ಎಷ್ಟು ವೇಗವಾಗಿ ಬೆಳೆಯುತ್ತದೆ ಎಂದು ಕಾಗದದ ಮೇಲೆ ಬಿಡಿಸಬಹುದು. ಅದಕ್ಕೇ ಇದನ್ನು ಆರಿಸಿದ್ದು.

ಸ್ಮೈಲೀಯ ಅಳತೆಗಳು ಮೀಟರು, ಸೆಕೆಂಡು ಅಲ್ಲ. ವೇಗವನ್ನು ಬೆಳಕಿನ ವೇಗದಿಂದ ಅಳೆಯುತ್ತದೆ. ಕಾಲವನ್ನು ನೀವು ಆರಿಸಿದ ಒಂದು ಕೋನೀಯ ಆವರ್ತನದಿಂದ ಅಳೆಯುತ್ತದೆ. ಉದ್ದದ ಮಾನ, ಕಾಲದ ಒಂದು ಮಾನದಲ್ಲಿ ಬೆಳಕು ಸಾಗುವ ದೂರ. ಆ ಆವರ್ತನ ಪ್ಲಾಸ್ಮಾ ಆವರ್ತನವೇ ಎಂದುಕೊಂಡರೆ ಲೆಕ್ಕ ಸುಲಭ: ಒಟ್ಟು ಎಲೆಕ್ಟ್ರಾನು ಸಾಂದ್ರತೆ 1, ಒಂದೊಂದು ಪ್ರವಾಹಕ್ಕೆ 0.5. ಇಲ್ಲಿ ತುಂಬಾ ಜನ ಗೊಂದಲಕ್ಕೆ ಬೀಳುತ್ತಾರೆ. ನಿಜವಾದ ಹರ್ಟ್ಜ್ ಎಷ್ಟು ಎಂದು ಈಗ ಹೇಳಬೇಕಾಗಿಯೇ ಇಲ್ಲ. ಕಣಗಳ ಡಿಕ್ಕಿ, ಅಯಾನೀಕರಣ ಮುಂತಾದವನ್ನು ಸೇರಿಸಿದಾಗ ಅದು ಬೇಕಾಗುತ್ತದೆ.

ಇನ್‌ಪುಟ್ ಫೈಲಿನಲ್ಲಿ ಮುಖ್ಯವಾಗಿ ಬರೆಯಬೇಕಾದ್ದು ಇಷ್ಟು. 'ಮೇನ್' ಬ್ಲಾಕಿನಲ್ಲಿ ಒಂದು ಆಯಾಮ, ಪೆಟ್ಟಿಗೆಯ ಉದ್ದ 1.026, ಸೆಲ್ 128, ಪ್ಯಾಚ್ (ಕೆಲಸ ಹಂಚಲು ಪೆಟ್ಟಿಗೆಯನ್ನು ಕತ್ತರಿಸಿದ ತುಂಡು) 8, ಒಟ್ಟು ಕಾಲ 40, ಗಡಿಗಳು ಪೀರಿಯಾಡಿಕ್, ಅಂದರೆ ಒಂದು ತುದಿಯಿಂದ ಹೊರಹೋದ ಕಣ ಇನ್ನೊಂದು ತುದಿಯಿಂದ ಒಳಬರುತ್ತದೆ. ಕಾಲದ ಹೆಜ್ಜೆ ಬೆಳಕಿನ ಮಿತಿಯ 0.95 ಪಟ್ಟು. ಆಮೇಲೆ ಮೂರು 'ಸ್ಪೀಶೀಸ್' ಬ್ಲಾಕು. ಬಲಕ್ಕೆ ಹೋಗುವ ಎಲೆಕ್ಟ್ರಾನು: ವೇಗ 0.1. ಎಡಕ್ಕೆ ಹೋಗುವವು: ವೇಗ ಮೈನಸ್ 0.1. ಎರಡಕ್ಕೂ ತಾಪ 0.0001, ಅಂದರೆ ಸುಮಾರು 51 ಎಲೆಕ್ಟ್ರಾನ್ ವೋಲ್ಟ್. ಸೆಲ್ಲಿಗೆ 200 ಕಣ. ಮೂರನೆಯದು ಅಯಾನು: ಸಾಂದ್ರತೆ 1, ದ್ರವ್ಯರಾಶಿ ಎಲೆಕ್ಟ್ರಾನಿನ 1836 ಪಟ್ಟು. ಈ ಓಟದಲ್ಲಿ ಅವು ಅಲುಗಾಡಬೇಕಿಲ್ಲ. 'ಟೈಮ್ ಫ್ರೋಜನ್' ಎಂಬ ಆಯ್ಕೆಗೆ 40ಕ್ಕಿಂತ ದೊಡ್ಡ ಸಂಖ್ಯೆ ಕೊಟ್ಟು ನಿಲ್ಲಿಸಿಬಿಡಿ.

ಈ ಸಂಖ್ಯೆಗಳು ಸುಮ್ನೆ ಬಂದದ್ದಲ್ಲ. ತಾಪ 0.0001 ಅಂದ್ರೆ ಎಲೆಕ್ಟ್ರಾನುಗಳ ಉಷ್ಣ ವೇಗ 0.01, ಹಾಗಾಗಿ ಡಿಬೈ ಉದ್ದವೂ 0.01. ಸೆಲ್‌ನ ಅಗಲ 1.026 ಭಾಗಿಸು 128, ಸುಮಾರು 0.008. ಡಿಬೈ ಉದ್ದಕ್ಕಿಂತ ಚಿಕ್ಕದು, ಅಂದರೆ ಸುಳ್ಳು ಬಿಸಿಯ ಭಯವಿಲ್ಲ. ಪೆಟ್ಟಿಗೆಯ ಉದ್ದ 1.026 ಯಾಕೆ? ಈ ವೇಗಕ್ಕೆ ಎಲ್ಲಕ್ಕಿಂತ ಬೇಗ ಬೆಳೆಯುವ ಅಲೆಯ ಉದ್ದ ಅಷ್ಟೇ. ಪೆಟ್ಟಿಗೆಯಲ್ಲಿ ಅಂಥ ಒಂದೇ ಅಲೆ ಸರಿಯಾಗಿ ಕೂರುತ್ತದೆ.

ಕಣಗಳ ಆರಂಭದ ಸ್ಥಾನ 'ರ‍್ಯಾಂಡಮ್' ಇರಲಿ. ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಏರುಪೇರಿನ ಬೀಜ ಸಣ್ಣದಾಗಿ, ಅಲೆ ಏಳಲು ಇನ್ನಷ್ಟು ಹೊತ್ತು ಕಾಯಬೇಕಾಗಬಹುದು. ಬರೆದು ಮುಗಿದ ಮೇಲೆ ಸ್ಮೈಲೀ ಟೆಸ್ಟ್ ಹಾಕಿ ನೋಡಿ. ತಪ್ಪಿಲ್ಲ ಅಂದರೆ ಓಡಿಸಿ. 51,200 ಎಲೆಕ್ಟ್ರಾನು, ಸುಮಾರು 5,300 ಹೆಜ್ಜೆ. ಲ್ಯಾಪ್‌ಟಾಪಿಗೆ ಇದು ದೊಡ್ಡ ಕೆಲಸವಲ್ಲ.

ಉತ್ತರ ಸರಿಯೇ?

ಇಡೀ ಲೇಖನದಲ್ಲಿ ನಿಧಾನವಾಗಿ ಮಾಡಬೇಕಾದ ಹಂತ ಇದು.

ಹ್ಯಾಪಿ ಬಳಸಿ ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಕಾಲದ ಎದುರು ಗ್ರಾಫ್ ಮಾಡಿ. ಶಕ್ತಿಯ ಅಕ್ಷ ಲಾಗ್ ಇರಲಿ. ಮೊದಲು ಗದ್ದಲ ಕಾಣುತ್ತದೆ. ಆಮೇಲೆ ನೇರವಾಗಿ ಮೇಲೇರುವ ಗೆರೆ. ಕೊನೆಗೆ ಚಪ್ಪಟೆಯಾಗಿ ತೂಗಾಡುತ್ತದೆ. ಆ ನೇರ ಗೆರೆಯ ಇಳಿಜಾರನ್ನು ಅಳೆಯಿರಿ. ತಣ್ಣಗಿನ ಪ್ರವಾಹಗಳಿಗೆ ಕಾಗದದ ಲೆಕ್ಕ ಹೇಳುವ ಬೆಳವಣಿಗೆ ದರ, ಪ್ಲಾಸ್ಮಾ ಆವರ್ತನದ 0.354 ಪಟ್ಟು. ಶಕ್ತಿ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದರ ದರ ಇದರ ಎರಡರಷ್ಟು, 0.707. ಅಂದರೆ ಕಾಲದ ಪ್ರತಿ ಒಂದು ಮಾನಕ್ಕೆ ಶಕ್ತಿ ಸುಮಾರು ಇಮ್ಮಡಿ, ಪ್ರತಿ 3.26 ಮಾನಕ್ಕೆ ಹತ್ತು ಪಟ್ಟು. ನಾವು ಸ್ವಲ್ಪ ತಾಪ ಕೊಟ್ಟಿರುವುದರಿಂದ ನಿಮ್ಮ ಸಂಖ್ಯೆ 0.707ಕ್ಕಿಂತ ಸ್ವಲ್ಪ ಕಡಿಮೆ ಬರಬೇಕು. ಜಾಸ್ತಿ ಬಂದರೆ, ಅಥವಾ ಅರ್ಧಕ್ಕಿಳಿದರೆ, ಇನ್‌ಪುಟ್ಟಿನಲ್ಲಿ ಏನೋ ತಪ್ಪಿದೆ. ಹೆಚ್ಚಾಗಿ ಸಾಂದ್ರತೆ 0.5ರ ಬದಲು 1 ಹಾಕಿರುತ್ತೀರಿ.

ನೇರ ಗೆರೆ ತೀರಾ ಚಿಕ್ಕದಾಗಿ ಅಳೆಯಲು ಆಗುತ್ತಿಲ್ಲವೇ? ಗದ್ದಲ ಜಾಸ್ತಿ ಇದೆ ಎಂದರ್ಥ. ಕಣಗಳ ಸಂಖ್ಯೆ ನಾಲ್ಕು ಪಟ್ಟು ಮಾಡಿದರೆ ಗದ್ದಲ ಅರ್ಧ ಆಗುತ್ತದೆ. ವರ್ಗಮೂಲದ ಈ ನಿಯಮ ಪಿಕ್ ಮಾಡುವವರನ್ನು ಜೀವನಪೂರ್ತಿ ಕಾಡುತ್ತದೆ, ಈಗಲೇ ಪರಿಚಯ ಆಗಲಿ.

ಮುಂದಿನ ಪರೀಕ್ಷೆ ನನಗೆ ತುಂಬಾ ಇಷ್ಟ. ಅಲೆಯ ಉದ್ದ 0.628ಕ್ಕಿಂತ ಕಡಿಮೆ ಇದ್ದರೆ ಈ ಅಸ್ಥಿರತೆ ಹುಟ್ಟಲೇಬಾರದು ಎಂದು ಕಾಗದದ ಲೆಕ್ಕ ಹೇಳುತ್ತದೆ. ಹಾಗಾದರೆ ಪೆಟ್ಟಿಗೆಯನ್ನು 0.5ಕ್ಕೆ ಇಳಿಸಿ, ಸೆಲ್ 64 ಮಾಡಿ, ಪ್ಯಾಚ್ 4 ಇಟ್ಟು ಓಡಿಸಿ. ಗದ್ದಲ ಹಾಗೇ ಇರಬೇಕು, ಏರುವ ಗೆರೆ ಬರಬಾರದು. ಯಾವಾಗ ಏನೂ ಆಗಬಾರದೋ ಆವಾಗ ಏನೂ ಆಗುವುದಿಲ್ಲ ಎಂದು ತೋರಿಸುವುದು, ಆಗಬೇಕಾದ್ದು ಆಗುತ್ತದೆ ಎಂದು ತೋರಿಸುವಷ್ಟೇ ದೊಡ್ಡ ಪುರಾವೆ. ಇದನ್ನು ಬಹಳ ಮಂದಿ ಮಾಡುವುದಿಲ್ಲ. ಆಮೇಲೆ ಪೆಟ್ಟಿಗೆಯನ್ನು 2.052 ಮಾಡಿ, ಅಂದರೆ ಅಂಥ ಎರಡು ಅಲೆ ಕೂರುವಷ್ಟು, ಸೆಲ್ 256 ಇಟ್ಟು ನೋಡಿ.

ಸ್ಥಾನ ಒಂದು ಅಕ್ಷ, ವೇಗ ಇನ್ನೊಂದು ಅಕ್ಷ ಇಟ್ಟು ಕಣಗಳ ಚಿತ್ರವನ್ನೂ ತೆಗೆಯಿರಿ. ಶುರುವಿನಲ್ಲಿ ಎರಡು ಸಪಾಟು ಪಟ್ಟಿ. ಆಮೇಲೆ ಅವು ಬಾಗಿ, ಒಂದರೊಳಗೊಂದು ಸುತ್ತಿಕೊಂಡು ಸುಳಿಯಾಗುತ್ತವೆ. ಕಣಗಳು ಅಲೆಯೊಳಗೆ ಸಿಕ್ಕಿಬಿದ್ದವು ಎಂದು ಇದರ ಅರ್ಥ. ಬೆಳವಣಿಗೆ ನಿಲ್ಲುವುದೂ ಇದರಿಂದಲೇ. ಮೊದಲ ಸಲ ಇದು ನಿಮ್ಮ ಪರದೆ ಮೇಲೆ ಮೂಡಿದಾಗ ಆಗುವ ಸಂತೋಷ ಬೇರೆಯೇ.

ಕೊನೆಯದು ಒಟ್ಟು ಶಕ್ತಿ. ಕಣಗಳ ಶಕ್ತಿ, ಕ್ಷೇತ್ರದ ಶಕ್ತಿ ಕೂಡಿಸಿದರೆ ಮೊತ್ತ ಬದಲಾಗಬಾರದು. ಶೇಕಡಾ ಒಂದಕ್ಕಿಂತ ಹೆಚ್ಚು ಸರಿದರೆ ಮುಂದೆ ಹೋಗಬೇಡಿ. ಗ್ರಿಡ್ಡಿನ ಸುಳ್ಳು ಬಿಸಿ ಹೇಗಿರುತ್ತದೆ ಎಂದು ಬೇಕೆಂದೇ ನೋಡುವುದೂ ಒಳ್ಳೆಯದು. ನಿಂತ ಪ್ಲಾಸ್ಮಾ ಒಂದನ್ನು ಇಟ್ಟು, ಸೆಲ್ ಅಗಲವನ್ನು ಡಿಬೈ ಉದ್ದದ ಹತ್ತು ಪಟ್ಟು ಮಾಡಿ ಓಡಿಸಿ. ಯಾರೂ ಬೆಂಕಿ ಹಚ್ಚದೆ ತಾಪ ಏರುವುದು ಕಾಣುತ್ತದೆ. ಒಮ್ಮೆ ನೋಡಿದ ಮೇಲೆ ಮುಂದೆ ಎಲ್ಲೇ ಬಂದರೂ ಗುರುತು ಸಿಗುತ್ತದೆ.

ಒಂದಕ್ಕಿಂತ ಹೆಚ್ಚು ಕೋರ್

ಸೂಪರ್ ಕಂಪ್ಯೂಟರ್ ಎಂದರೆ ಒಂದು ದೊಡ್ಡ ಕಂಪ್ಯೂಟರ್ ಅಲ್ಲ, ವೇಗದ ಜಾಲದಲ್ಲಿ ಕಟ್ಟಿದ ಸಾವಿರಾರು ಸಾಧಾರಣ ಕಂಪ್ಯೂಟರ್. ಕೆಲಸವನ್ನು ಹಂಚಿಕೊಡಬೇಕು. ಸ್ಮೈಲೀ ಪೆಟ್ಟಿಗೆಯನ್ನು ಪ್ಯಾಚ್‌ಗಳಾಗಿ ಕತ್ತರಿಸಿ ಹಂಚುತ್ತದೆ. ಬೇರೆ ಬೇರೆ ಯಂತ್ರಗಳ ನಡುವೆ ಎಂಪಿಐ, ಒಂದೇ ಯಂತ್ರದ ಕೋರುಗಳ ನಡುವೆ ಓಪನ್‌ಎಂಪಿ. ಎಂಪಿಐ ಪ್ರಾಸೆಸ್‌ಗಳನ್ನು ಓಪನ್‌ಎಂಪಿ ಥ್ರೆಡ್‌ಗಳಿಂದ ಗುಣಿಸಿದರೆ ಕೋರುಗಳ ಸಂಖ್ಯೆ ಬರಬೇಕು, ಅದಕ್ಕಿಂತ ಜಾಸ್ತಿ ಆಗಬಾರದು. ಪ್ಯಾಚ್‌ಗಳ ಸಂಖ್ಯೆ ಎರಡರ ಘಾತ ಇರಲಿ: 8, 16, 32. ಪ್ರತಿ ಥ್ರೆಡ್ಡಿಗೂ ಒಂದಕ್ಕಿಂತ ಹೆಚ್ಚು ಪ್ಯಾಚ್ ಸಿಗುವಂತೆ ನೋಡಿಕೊಳ್ಳಿ.

ಒಂದು ಆಯಾಮದ ಓಟ ಇದಕ್ಕೆ ತೀರಾ ಚಿಕ್ಕದು. ಎರಡು ಆಯಾಮದ್ದು ಮಾಡಿಕೊಂಡು 1, 2, 4 ಕೋರಿನಲ್ಲಿ ಎಷ್ಟೆಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ನಾಲ್ಕು ಕೋರಿಗೆ ಪೂರ್ತಿ ನಾಲ್ಕು ಪಟ್ಟು ವೇಗ ಸಿಗುವುದಿಲ್ಲ. ಆಮ್ಡಾಲ್ ನಿಯಮ ನೆನಪಿರಲಿ: ಕೆಲಸದ ಶೇಕಡಾ 5 ಭಾಗ ಹಂಚಲಾಗದ್ದು ಎಂದಾದರೆ, ಎಷ್ಟೇ ಸಾವಿರ ಕೋರು ಹಾಕಿದರೂ 20 ಪಟ್ಟಿಗಿಂತ ಹೆಚ್ಚು ವೇಗ ಸಿಗದು. ಕಾರವಾರದ ಬೇಸಿಗೆಯಲ್ಲಿ ಅಳೆಯುವವರು ಇನ್ನೊಂದನ್ನು ನೋಡಿಕೊಳ್ಳಿ. ಲ್ಯಾಪ್‌ಟಾಪ್ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಅಳತೆ ಕೆಡುತ್ತದೆ. ಫ್ಯಾನ್ ಕೆಳಗಿಟ್ಟು, ಒಂದೊಂದನ್ನೂ ಮೂರು ಸಲ ಓಡಿಸಿ ಹೋಲಿಸಿ.

ದೊಡ್ಡ ಯಂತ್ರಕ್ಕೆ

ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ 2015ರಲ್ಲಿ ಶುರುವಾದ ಮೇಲೆ ದೇಶದ ಹಲವು ಸಂಸ್ಥೆಗಳಲ್ಲಿ 'ಪರಮ್' ಯಂತ್ರಗಳು ಬಂದಿವೆ. ನಮಗೆ ಹತ್ತಿರದ ದೊಡ್ಡದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಪ್ರವೇಗ. 2022ರಲ್ಲಿ ಬಂದ ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಇಂಥ ಕಡೆ ವಿದ್ಯಾರ್ಥಿಗೆ ಸಾಮಾನ್ಯವಾಗಿ ನೇರ ಖಾತೆ ಸಿಗುವುದಿಲ್ಲ, ಮಾರ್ಗದರ್ಶಕರ ಪ್ರಾಜೆಕ್ಟಿನ ಮೂಲಕ ಸಿಗುತ್ತದೆ. ನಿಮ್ಮ ಪ್ರಾಧ್ಯಾಪಕರನ್ನು ಕೇಳಿ. ಗಾಂಧಿನಗರದ ಪ್ಲಾಸ್ಮಾ ಸಂಸ್ಥೆ ನಡೆಸುವ ಬೇಸಿಗೆ ಶಿಬಿರಕ್ಕೂ ಅರ್ಜಿ ಹಾಕಿ. ಹೋಗುವಾಗ ಮೇಲಿನ ಮೂರು ಗ್ರಾಫು ಕೈಯಲ್ಲಿರಲಿ: ಬೆಳವಣಿಗೆ ದರ, ಒಟ್ಟು ಶಕ್ತಿ, ಕೋರಿಗೆ ತಕ್ಕ ವೇಗ. ಯಂತ್ರದ ಸಮಯ ಕೊಡುವವರು ಕೇಳುವುದೂ ಅದನ್ನೇ.

ಒಳಗೆ ಹೋದ ಮೇಲೆ ಲಾಗಿನ್ ನೋಡ್‌ನಲ್ಲಿ, ಅಂದರೆ ಮೊದಲು ಹೋಗಿ ಸೇರುವ ಕಂಪ್ಯೂಟರಿನಲ್ಲಿ, ಯಾವ ಸಿಮ್ಯುಲೇಶನ್ನನ್ನೂ ಓಡಿಸಬೇಡಿ. ಅದು ಎಲ್ಲರೂ ಬಂದುಹೋಗುವ ಜಾಗ. ಕಂಪೈಲರ್, ಎಂಪಿಐ, ಎಚ್‌ಡಿಎಫ್5 ಎಲ್ಲ ಅಲ್ಲಿ 'ಮಾಡ್ಯೂಲ್' ರೂಪದಲ್ಲಿ ಇರುತ್ತವೆ, ಬೇಕಾದ್ದನ್ನು ಲೋಡ್ ಮಾಡಿಕೊಂಡು ಸ್ಮೈಲೀಯನ್ನು ಅಲ್ಲೇ ಹೊಸದಾಗಿ ಕಂಪೈಲ್ ಮಾಡಿ. ಕೆಲಸವನ್ನು ಸರದಿಗೆ ಹಾಕುವುದು ಸ್ಲರ್ಮ್ ಎಂಬ ವ್ಯವಸ್ಥೆ, ಅದೂ ಓಪನ್ ಸೋರ್ಸೇ. ಎಷ್ಟು ನೋಡ್, ಎಷ್ಟು ಕೋರ್, ಎಷ್ಟು ಗಂಟೆ ಎಂದು ಒಂದು ಚಿಕ್ಕ ಸ್ಕ್ರಿಪ್ಟಿನಲ್ಲಿ ಬರೆದು ಎಸ್‌ಬ್ಯಾಚ್ ಮೂಲಕ ಕೊಡುತ್ತೀರಿ. ಮೊದಲ ದಿನ ಲ್ಯಾಪ್‌ಟಾಪಿನ ಅದೇ 1.026 ಉದ್ದದ ಪೆಟ್ಟಿಗೆಯನ್ನೇ ಅಲ್ಲೂ ಓಡಿಸಿ. ಅದೇ ಇಳಿಜಾರು ಬಂದರೆ ಮಾತ್ರ ದೊಡ್ಡದಕ್ಕೆ ಕೈ ಹಾಕಿ.

ಕೇಳಿದ ಗಂಟೆ ಮುಗಿದ ಕ್ಷಣ ಸ್ಲರ್ಮ್ ನಿಮ್ಮ ಓಟವನ್ನು ನಿಲ್ಲಿಸುತ್ತದೆ. ಆದ್ದರಿಂದ ಚೆಕ್‌ಪಾಯಿಂಟ್ ಬೇಕೇ ಬೇಕು. ಸ್ಮೈಲೀಯ ಚೆಕ್‌ಪಾಯಿಂಟ್ ಬ್ಲಾಕಿನಲ್ಲಿ ಇಷ್ಟು ಹೆಜ್ಜೆಗೊಮ್ಮೆ ಅಥವಾ ಇಷ್ಟು ನಿಮಿಷಕ್ಕೊಮ್ಮೆ ಸ್ಥಿತಿಯನ್ನು ಡಿಸ್ಕಿಗೆ ಬರೆ ಎಂದು ಹೇಳಬಹುದು. ಬರೆದ ಮೇಲೆ ನಿಲ್ಲಬೇಕೋ ಮುಂದುವರಿಯಬೇಕೋ ಎಂಬ ಆಯ್ಕೆಯೂ ಅಲ್ಲಿದೆ. ನೀವೇನೂ ಹೇಳದಿದ್ದರೆ ಅದು ನಿಂತುಬಿಡುತ್ತದೆ, ಗಮನಿಸಿ. ನಮ್ಮ ಕಡೆ ಇದು ಮನೆಯ ಲ್ಯಾಪ್‌ಟಾಪಿಗೂ ಅಷ್ಟೇ ಬೇಕು. ಜೂನ್-ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲ ಅನ್ನುವುದು ಘಟ್ಟದಲ್ಲಿ ಹೊಸ ಸಂಗತಿಯಲ್ಲ. ಅರ್ಧ ಗಂಟೆಗೊಂದು ಚೆಕ್‌ಪಾಯಿಂಟ್ ಇದ್ದರೆ ಹೋದದ್ದು ಅರ್ಧ ಗಂಟೆ ಮಾತ್ರ.

ದೂರದ ಯಂತ್ರಕ್ಕೆ ಊರಿನಿಂದ ಎಸ್ಎಸ್ಎಚ್ ಮೂಲಕ ಹೋಗುವಾಗ ಟೀಮಕ್ಸ್ ಬಳಸಿ. ನೆಟ್ ಕಡಿದರೂ ಅಲ್ಲಿನ ಕಿಟಕಿ ತೆರೆದೇ ಇರುತ್ತದೆ, ಮತ್ತೆ ಬಂದು ಕೂಡಿಕೊಳ್ಳಬಹುದು. ನೂರಾರು ಜಿಬಿ ಫಲಿತಾಂಶವನ್ನು ಮೊಬೈಲ್ ಡೇಟಾದಲ್ಲಿ ಊರಿಗೆ ತರಿಸುವ ಯೋಚನೆ ಬಿಡಿ. ಹ್ಯಾಪಿಯನ್ನು ಅಲ್ಲೇ ಓಡಿಸಿ, ಚಿತ್ರ ಮತ್ತು ಸಣ್ಣ ಕೋಷ್ಟಕಗಳನ್ನು ಮಾತ್ರ ತರಿಸಿ. ಅದಕ್ಕಿಂತ ಮೊದಲೇ ಯೋಚಿಸಿ: ಪ್ರತಿ ಹೆಜ್ಜೆಯ ಕ್ಷೇತ್ರ ನಿಜಕ್ಕೂ ಬೇಕೇ? ನೂರು ಹೆಜ್ಜೆಗೊಂದು ಸಾಕಾಗುವುದೇ ಹೆಚ್ಚು.

ತೊಡಕು ಬಂದರೆ

ತಪ್ಪು ಸಿಕ್ಕರೆ ತಂತ್ರಾಂಶ ಬರೆದವರಿಗೆ ಗಿಟ್‌ಹಬ್‌ನಲ್ಲಿ ತಿಳಿಸಿ. ಇಂಗ್ಲಿಷ್ ಚೆನ್ನಾಗಿ ಬರೋದಿಲ್ಲ ಎಂದು ಹಿಂಜರಿಯಬೇಡಿ. ಅವರು ನೋಡುವುದು ವ್ಯಾಕರಣವನ್ನಲ್ಲ. ಯಾವ ಆವೃತ್ತಿ, ಯಾವ ಕಂಪೈಲರ್, ಪೂರ್ತಿ ಎರರ್ ಸಂದೇಶ, ಇನ್‌ಪುಟ್ ಫೈಲ್, ಈ ನಾಲ್ಕು ಇರಲಿ. ಇನ್‌ಪುಟ್ಟನ್ನು ಕಳಿಸುವ ಮೊದಲು ಒಂದೊಂದೇ ಭಾಗ ತೆಗೆಯುತ್ತಾ, ತಪ್ಪು ಇನ್ನೂ ಕಾಣಿಸುವಷ್ಟು ಚಿಕ್ಕದು ಮಾಡಿ. ಹಾಗೆ ಮಾಡುವಾಗಲೇ ಎಷ್ಟೋ ಸಲ ತಪ್ಪು ನಮ್ಮದೇ ಎಂದು ಗೊತ್ತಾಗುತ್ತದೆ. ದಾಖಲೆಯಲ್ಲಿ ಅರ್ಥವಾಗದ ಸಾಲು ಸಿಕ್ಕರೆ ಅದನ್ನೂ ತಿಳಿಸಿ. ಹೊಸಬರ ಕಣ್ಣಿಗೆ ಕಾಣುವ ತೊಡಕು ಬರೆದವರಿಗೆ ಕಾಣುವುದಿಲ್ಲ.

ಪ್ರಾಜೆಕ್ಟ್ ವರದಿ ಬರೆಯುವಾಗ ಬಳಸಿದ ತಂತ್ರಾಂಶವನ್ನು ಹೆಸರಿಸಿ, ಸ್ಮೈಲೀಯ 2018ರ ಲೇಖನವನ್ನು ಉಲ್ಲೇಖಿಸಿ. ವರದಿಯ ಜೊತೆ ಇನ್‌ಪುಟ್ ಫೈಲನ್ನೂ, ಗಿಟ್ ತೋರಿಸುವ ಆವೃತ್ತಿಯ ಗುರುತನ್ನೂ ಸೇರಿಸಿ. ಅವೆರಡು ಇದ್ದರೆ ಮುಂದಿನ ವರ್ಷದ ಜೂನಿಯರ್ ನಿಮ್ಮ ಗ್ರಾಫನ್ನು ತನ್ನ ಯಂತ್ರದಲ್ಲಿ ಮತ್ತೆ ತೆಗೆದು, ಅಲ್ಲಿಂದ ಮುಂದಕ್ಕೆ ಹೋಗಬಹುದು.